ಐದು ಪೌಂಡ್ ಗ್ಯಾಸ್, ಮೂರು ದಿನ

ಶುಕ್ರವಾರ ಸಂಜೆ ತುಂಬಿಸಿಕೊಂಡು ಬಂದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಸೋಮವಾರ ಸಂಜೆ ಖಾಲಿ. ಗೇಜಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಬೇಸ್‌ಮೆಂಟಿನ ಹಳೇ ಫ್ರಿಜ್ಜಿನಲ್ಲಿ, ಕೆಗ್ ಎಂಬ ಸ್ಟೀಲ್ ಡಬ್ಬದೊಳಗೆ, ಐದು ಗ್ಯಾಲನ್ ಬಿಯರ್ ತಣ್ಣಗೆ ಕೂತಿತ್ತು. ನಲ್ಲಿ ತಿರುಗಿಸಿದರೆ ಲೋಟಕ್ಕಿಳಿದದ್ದು ನೊರೆಯಿಲ್ಲದ, ಆರಿದ ಕಷಾಯದಂಥ ನೀರು. ಹಿಂದಿನ ತಿಂಗಳೂ ಹೀಗೇ ಆಗಿತ್ತು. ಆಗ ಕಂಡ ಕಂಡ ನಟ್ಟನ್ನೆಲ್ಲ ಬಿಗಿ ಮಾಡಿ, ಥ್ರೆಡ್ ಕಂಡಲ್ಲೆಲ್ಲ ಬಿಳೀ ಟೆಫ್ಲಾನ್ ಟೇಪ್ ಸುತ್ತಿದ್ದೆ. ಈ ಸಲ ಇನ್ನೂ ಬಿಗಿ ಮಾಡೋಣವೆಂದು ಸ್ಪ್ಯಾನರ್ ಹುಡುಕುತ್ತಿದ್ದೆ. ಮಾವ ಟೀ ಲೋಟ ಹಿಡಿದು ಮೆಟ್ಟಿಲಿಳಿದು ಬಂದರು.

ಮಾವ ಹಾಸನದ ಕಡೆಯವರು. ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾಗಿ, ಮಗಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಮಿನೆಸೋಟಾಕ್ಕೆ ಬಂದಿದ್ದರು. ಬಿಯರ್ ಮುಟ್ಟುವವರಲ್ಲ. ಆದರೆ ಗಾಳಿ ಸೋರುವ ಯಾವ ಯಂತ್ರವನ್ನು ಕಂಡರೂ ಅವರ ಕೈ ಸುಮ್ಮನಿರುವುದಿಲ್ಲ. ಬಸ್ಸಿನ ಬ್ರೇಕು ನಡೆಯುವುದೇ ಗಾಳಿಯ ಒತ್ತಡದಿಂದ. ರಾತ್ರಿ ನಿಲ್ಲಿಸಿದ ಬಸ್ಸಿನ ಗಾಳಿ ಬೆಳಗಿನ ಜಾವದ ಟ್ರಿಪ್ಪಿಗೆ ಇಳಿದುಹೋಗಿದ್ದರೆ ಎಲ್ಲಿ ಸೋರಿತೆಂದು ಹುಡುಕುವುದು ವರ್ಷಗಟ್ಟಲೆ ಅವರು ಮಾಡಿದ ಕೆಲಸ.

“ಬಿಗಿ ಮಾಡೋದು ಆಮೇಲಿರ್ಲಿ ಅಳಿಯಂದ್ರೇ. ಇಲ್ಲಿ ಗ್ಯಾಸನ್ನ ತಡೀತಿರೋದು ಏನು, ಅದ್ನ ಹೇಳಿ ಮೊದ್ಲು.”

“ಈ ನಟ್ಟು, ಮಾವ.”

“ನಟ್ಟು ಒತ್ತಿ ಹಿಡ್ಕೊಂಡಿರುತ್ತೆ ಅಷ್ಟೆ. ತಡಿಯೋದು ಒಳಗೆ ಕೂತಿರೋ ವಾಷರ್ರು. ಅದ್ನ ಬಿಚ್ಚಿ ನೋಡಿದೀರಾ?”

ನೋಡಿರಲಿಲ್ಲ. ಮನೆಯಲ್ಲಿ ಕೆಗ್ ಇಟ್ಟುಕೊಂಡವರಲ್ಲಿ ಹೆಚ್ಚಿನವರು ನೋಡಿರುವುದಿಲ್ಲ. ಪ್ರತಿಯೊಂದು ಜೋಡಣೆಯಲ್ಲೂ ಗ್ಯಾಸಿಗೆ ಅಡ್ಡ ನಿಂತಿರುವ ವಸ್ತು ಯಾವುದು ಎಂದು ಗೊತ್ತಾದರೆ ಸೋರಿಕೆ ಹುಡುಕುವ ಮುಕ್ಕಾಲು ಕೆಲಸ ಮುಗಿದ ಹಾಗೆ.

ಮುಂದೆ ಹೋಗುವ ಮುನ್ನ ಒಂದು ಕಾನೂನಿನ ಮಾತು. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಲು ಒಕ್ಕೂಟ ಸರ್ಕಾರದ ಅಡ್ಡಿಯಿಲ್ಲ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರಿನಲ್ಲಿ ಸಹಿ ಹಾಕಿದ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿತು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಮಿಸಿಸಿಪ್ಪಿ, ಅಲಬಾಮ ರಾಜ್ಯಗಳು ಮಾತ್ರ 2013ರವರೆಗೆ ಒಪ್ಪಿರಲಿಲ್ಲ. ನಮ್ಮ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವಂತಿಲ್ಲ. ಊರಿನಲ್ಲಿರುವ ಓದುಗರು ಇದನ್ನು ಸೋಡಾ ಕೆಗ್ಗಿನ ವಿಷಯವೆಂದೇ ಓದಿಕೊಳ್ಳಬಹುದು. ಸಾಮಾನೂ ಅದೇ, ಸೋರುವ ಜಾಗಗಳೂ ಅವೇ.

ಹಾಗೆ ನೋಡಿದರೆ ಈ ಕೆಗ್ ಹುಟ್ಟಿದ್ದೇ ಸೋಡಾಕ್ಕೆ. ಹೋಟೆಲುಗಳಿಗೆ ಕೋಕ್, ಪೆಪ್ಸಿಯ ಸಿರಪ್ ಹೊತ್ತು ತರುತ್ತಿದ್ದ ಉದ್ದನೆಯ ಸ್ಟೀಲ್ ಡಬ್ಬ ಇದು. ಮಿನೆಸೋಟಾದ ಕಾರ್ನೇಲಿಯಸ್ ಕಂಪನಿಯ ಹೆಸರು ಅಂಟಿಕೊಂಡು ‘ಕಾರ್ನಿ ಕೆಗ್’ ಆಯಿತು. ಮುಂದೆ ಸಿರಪ್ಪು ರಟ್ಟಿನ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು. ಬೇಡವಾದ ಸ್ಟೀಲ್ ಡಬ್ಬಗಳು ಅಗ್ಗದ ಬೆಲೆಗೆ ಮನೆಯಲ್ಲಿ ಬಿಯರ್ ಮಾಡುವವರ ಪಾಲಾದವು. ಒಂದರಲ್ಲಿ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಹಿಡಿಯುತ್ತದೆ. ಪೈಪು ಕೂರಿಸುವ ಬಗೆಯಲ್ಲಿ ಪೆಪ್ಸಿಯವರು ಬಳಸುತ್ತಿದ್ದದ್ದು ಬಾಲ್ ಲಾಕ್, ಕೋಕ್‌ನವರದು ಪಿನ್ ಲಾಕ್. ಇಂದು ಹೊಸದಾಗಿ ಕೊಳ್ಳುವವರ ಮನೆಯಲ್ಲಿ ಇರುವುದು ಬಹುಮಟ್ಟಿಗೆ ಬಾಲ್ ಲಾಕ್. ನಾನು ಹೇಳುತ್ತಿರುವುದೂ ಅದನ್ನೇ.

ಮುಳ್ಳು ಹೇಳುವ ಸುಳ್ಳು

ಸಿಲಿಂಡರಿನೊಳಗೆ ಇರುವುದು ಬರೀ ಅನಿಲವಲ್ಲ, ದ್ರವರೂಪದ ಕಾರ್ಬನ್ ಡೈಆಕ್ಸೈಡ್. ಅದರ ತಲೆಯ ಮೇಲೆ ಒಂದಿಷ್ಟು ಅನಿಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಳಗಿನ ಒತ್ತಡ ಸುಮಾರು 830 ಪಿಎಸ್‌ಐ. ಅದೇ ಸಿಲಿಂಡರನ್ನು ಫ್ರಿಜ್ಜಿನೊಳಗೆ 3 ಡಿಗ್ರಿಯಲ್ಲಿಟ್ಟರೆ 550ರ ಆಸುಪಾಸು. ಒಂದು ಗ್ರಾಂ ಗ್ಯಾಸೂ ಖರ್ಚಾಗದೆ ಮುಳ್ಳು ಇಷ್ಟು ಇಳಿಯುತ್ತದೆ. ಇನ್ನೊಂದು ಕಡೆ, ಗ್ಯಾಸ್ ಹೊರಗೆ ಹೋದಷ್ಟೂ ದ್ರವ ಆವಿಯಾಗಿ ಜಾಗ ತುಂಬುವುದರಿಂದ, ದ್ರವದ ಕೊನೆಯ ಹನಿ ಇರುವ ತನಕ ಮುಳ್ಳು ಕದಲುವುದೇ ಇಲ್ಲ. ಕೋಣೆಯ ತಾಪದಲ್ಲಿ ಮುಕ್ಕಾಲು ಭಾಗ ಹೊರಟುಹೋದ ಮೇಲೆ ಅದು ಇಳಿಯತೊಡಗುತ್ತದೆ, ಶುರುವಾದರೆ ಭರಭರ ಇಳಿಯುತ್ತದೆ. ಸಿಲಿಂಡರಿನ ಒತ್ತಡ ತೋರಿಸುವ ದೊಡ್ಡ ಗೇಜ್ ನೋಡಿಕೊಂಡು ಸೋರಿಕೆ ಇಲ್ಲವೆಂದು ನೆಮ್ಮದಿಯಿಂದಿದ್ದ ನಾನು ಮೋಸಹೋದದ್ದು ಹೀಗೆ.

ನಿಜ ಹೇಳುವುದು ತಕ್ಕಡಿ. ಊರಿನ ಮನೆಯ ಎಲ್‌ಪಿಜಿ ಸಿಲಿಂಡರಿನ ಕುತ್ತಿಗೆಯ ಬಳಿ ಖಾಲಿ ತೂಕ ಬರೆದಿರುವಂತೆ ಇದರ ಹೆಗಲ ಮೇಲೂ ‘ಟಿಡಬ್ಲ್ಯೂ’ ಎಂಬ ಅಕ್ಷರದ ಪಕ್ಕ ಖಾಲಿ ತೂಕವನ್ನು ಕೊರೆದಿರುತ್ತಾರೆ. ನನ್ನದು 7.6 ಪೌಂಡ್, ಸುಮಾರು 3.45 ಕಿಲೋ. ತುಂಬಿದಾಗ 5.7 ಕಿಲೋ ಆಸುಪಾಸು. ವಿಶೇಷ ತಕ್ಕಡಿ ಏನೂ ಬೇಡ. ಊರಿಗೆ ಹೋಗುವಾಗ ಒಂದೊಂದು ಪೆಟ್ಟಿಗೆ 23 ಕಿಲೋ ದಾಟಬಾರದೆಂದು ನಾವೆಲ್ಲ ಇಟ್ಟುಕೊಂಡಿರುತ್ತೇವಲ್ಲ, ಕೊಕ್ಕೆಗೆ ನೇತುಹಾಕಿ ನೋಡುವ ಲಗೇಜ್ ತಕ್ಕಡಿ, ಅದೇ ಸಾಕು. ರೆಗ್ಯುಲೇಟರ್ ಬಿಚ್ಚಿ ತೂಗಿದರೆ ಸರಿಯಾದ ಲೆಕ್ಕ. ಬಿಚ್ಚದೆಯೇ ತೂಗುವುದಾದರೆ ಪ್ರತಿ ಸಲವೂ ಹಾಗೇ ತೂಗಬೇಕು. ಆಗಲೂ ಎರಡು ತೂಕಗಳ ನಡುವಿನ ವ್ಯತ್ಯಾಸ ಸರಿಯಾಗಿಯೇ ಸಿಗುತ್ತದೆ.

ಎಷ್ಟು ಖರ್ಚಾದರೆ ನ್ಯಾಯ? ಬಿಯರಿನಲ್ಲಿ ಕರಗಿದ ಗ್ಯಾಸನ್ನು ‘ವಾಲ್ಯೂಮ್’ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಲೀಟರ್ ಬಿಯರಿನಲ್ಲಿ ಒಂದು ವಾಲ್ಯೂಮ್ ಎಂದರೆ ಸುಮಾರು 2 ಗ್ರಾಂ. ಏಲ್ ಬಗೆಯ ಸಾಮಾನ್ಯ ಬಿಯರಿಗೆ ಎರಡೂವರೆ ವಾಲ್ಯೂಮ್ ಎಂದಿಟ್ಟುಕೊಂಡರೆ 19 ಲೀಟರಿಗೆ 90 ಗ್ರಾಂ ಚಿಲ್ಲರೆ. ಹುದುಗುವಾಗಲೇ ಕರಗಿ ಉಳಿದದ್ದು ಅದರಲ್ಲಿ ಮೂವತ್ತು ಗ್ರಾಮಿನಷ್ಟು ಇರುತ್ತದೆ. ಆಮೇಲೆ ಕೆಗ್ ಖಾಲಿಯಾಗುವ ತನಕ ಬಿಯರನ್ನು 12 ಪಿಎಸ್‌ಐನಲ್ಲಿ ಹೊರಗೆ ತಳ್ಳಲು ಇನ್ನೊಂದು 65 ಗ್ರಾಂ. ಎಲ್ಲ ಸೇರಿ ಒಂದು ಕೆಗ್ಗಿಗೆ 130ರಿಂದ 160 ಗ್ರಾಂ. 5 ಪೌಂಡ್ ಎಂದರೆ 2,268 ಗ್ರಾಂ. ಕಾಗದದ ಮೇಲೆ ಹದಿನಾಲ್ಕು ಕೆಗ್ ಬರಬೇಕು. ಕೆಗ್ಗಿನ ಗಾಳಿ ಓಡಿಸಲು, ಪೈಪ್ ತೊಳೆಯಲು ಹೋಗುವುದನ್ನು ಕಳೆದರೂ ಏಳೆಂಟಕ್ಕೆ ಮೋಸವಿಲ್ಲ. ನನಗೆ ಅರ್ಧ ಕೆಗ್ಗೂ ಬಂದಿರಲಿಲ್ಲ.

ಮಾವ ಪೆನ್ಸಿಲ್ ಹಿಡಿದು ಇನ್ನೊಂದು ಲೆಕ್ಕ ಹಾಕಿಸಿದರು. ಅಷ್ಟು ದ್ರವ ಕೋಣೆಯ ತಾಪದಲ್ಲಿ ಗ್ಯಾಸಾದರೆ 1,230 ಲೀಟರ್. ಮೂರು ದಿನ, ಅಂದರೆ 72 ಗಂಟೆ. ಸೆಕೆಂಡಿಗೆ ಹತ್ತಿರ ಹತ್ತಿರ 5 ಮಿಲಿಲೀಟರ್, ಒಂದು ಟೀ ಚಮಚ. “ಇದು ಕಣ್ಣಿಗೆ ಕಾಣದ ಸೋರಿಕೆ ಅಲ್ಲ ಬಿಡಿ,” ಅಂದರು. “ಹುಡುಕಿದ್ರೆ ಸಿಕ್ಕೇ ಸಿಗುತ್ತೆ.”

ತುಂಡು ಮಾಡಿ ಹುಡುಕುವುದು

ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಸೋರಿಕೆ ಹುಡುಕಬಾರದು. ಸಿಲಿಂಡರಿನಿಂದ ರೆಗ್ಯುಲೇಟರ್ ತನಕ ಒಂದು ತುಂಡು, ಅಲ್ಲಿಂದ ಪೈಪು ಮತ್ತು ಡಿಸ್‌ಕನೆಕ್ಟ್ ಎರಡನೆಯದು, ಕೆಗ್ ಮೂರನೆಯದು. ಡಿಸ್‌ಕನೆಕ್ಟ್ ಎಂದರೆ ಪೈಪಿನ ತುದಿಯಲ್ಲಿ, ಕೆಗ್ಗಿನ ಮೂತಿಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ತಲೆ. ಗ್ಯಾಸಿನದು ಬೂದು ಬಣ್ಣ, ಬಿಯರಿನದು ಕಪ್ಪು. ಕೆಗ್ಗಿನಿಂದ ಎತ್ತಿದ ಕೂಡಲೇ ಅದರ ಒಳಗಿನ ವಾಲ್ವ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಎರಡನೆಯ ತುಂಡನ್ನು ಬೇರ್ಪಡಿಸಲು ಅದನ್ನು ಎತ್ತಿದರಾಯಿತು.

ಕೆಗ್ ಬಿಡಿಸಿಟ್ಟು, ಪೈಪಿನಲ್ಲಿ 20 ಪಿಎಸ್‌ಐ ಇರುವಂತೆ ಮಾಡಿ, ಸಿಲಿಂಡರಿನ ವಾಲ್ವ್ ಮುಚ್ಚಿ. ರೆಗ್ಯುಲೇಟರಿನ ಎರಡೂ ಗೇಜಿನ (ಸಿಲಿಂಡರಿನ ಕಡೆಯದು ದೊಡ್ಡದು, ಪೈಪಿನ ಕಡೆಯದು ಚಿಕ್ಕದು) ಗಾಜಿನ ಮೇಲೆ ಮುಳ್ಳು ಇರುವ ಜಾಗಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೀಟು ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗೀಟಿನಲ್ಲೇ ಇದ್ದರೆ ಮೊದಲ ಎರಡು ತುಂಡುಗಳಿಗೆ ಮಾಫಿ. ಸಣ್ಣ ಸೋರಿಕೆಯೂ ಇಲ್ಲಿ ತಪ್ಪಿಸಿಕೊಳ್ಳಲಾರದು. ವಾಲ್ವ್ ಮುಚ್ಚಿದ ಮೇಲೆ ಒಳಗೆ ಸಿಕ್ಕಿಕೊಂಡಿರುವ ಗ್ಯಾಸ್ ಬಹಳ ಕಡಿಮೆ, ಅದರಲ್ಲಿ ಸ್ವಲ್ಪ ಹೋದರೂ ಮುಳ್ಳು ಬಿದ್ದುಹೋಗುತ್ತದೆ.

ಮುಳ್ಳು ಬಿತ್ತು ಅನ್ನಿ. ಇಲ್ಲಿ ಬಹಳ ಜನ ಎಡವುತ್ತಾರೆ. ದೊಡ್ಡ ಗೇಜಿನ ಮುಳ್ಳು ಬಿದ್ದು ಚಿಕ್ಕದು ನೆಟ್ಟಗಿದ್ದರೆ ಸೋರಿಕೆ ಸಿಲಿಂಡರಿನ ಕಡೆಗೇ ಇದೆಯೆಂದು ತೀರ್ಮಾನಿಸಿಬಿಡುತ್ತಾರೆ. ರೆಗ್ಯುಲೇಟರಿನ ಕೆಲಸವೇ ಚಿಕ್ಕ ಗೇಜಿನ ಕಡೆ ಕಡಿಮೆಯಾದದ್ದನ್ನು ದೊಡ್ಡ ಗೇಜಿನ ಕಡೆಯಿಂದ ತುಂಬಿಸುವುದು. ಸೋರಿಕೆ ಪೈಪಿನಲ್ಲಿದ್ದರೂ ಮೊದಲು ಖಾಲಿಯಾಗುವುದು ದೊಡ್ಡ ಗೇಜೇ. ಎರಡನ್ನೂ ಬೇರೆ ಮಾಡಲು ಸಿಲಿಂಡರ್ ಮುಚ್ಚಿದ ಮೇಲೆ ರೆಗ್ಯುಲೇಟರಿನ ತಿರುಪನ್ನು ಪೂರ್ತಿ ಸಡಿಲ ಮಾಡಬೇಕು. ಆಗ ನಡುವಿನ ಬಾಗಿಲು ಮುಚ್ಚಿದಂತೆ. ಈಗ ಯಾವ ಮುಳ್ಳು ಬೀಳುತ್ತದೋ ಸೋರಿಕೆ ಆ ಕಡೆಯದೇ. ದೊಡ್ಡದು ಇಳಿದು ಚಿಕ್ಕದು ಏರುತ್ತಿದ್ದರೆ ಗ್ಯಾಸ್ ಹೊರಗೆಲ್ಲೂ ಹೋಗುತ್ತಿಲ್ಲ. ರೆಗ್ಯುಲೇಟರಿನ ಒಳಗಿನ ಸೀಟು ಸವೆದಿದೆ, ಅದನ್ನು ಬದಲಾಯಿಸಬೇಕು.

ಸಿಲಿಂಡರನ್ನು ಮತ್ತೆ ತುಂಬಿಸಿ ತಂದು ಮಾಡಿದ ನಮ್ಮ ಪರೀಕ್ಷೆಯಲ್ಲಿ ಬಿದ್ದದ್ದು ದೊಡ್ಡ ಮುಳ್ಳು. ತಿರುಪು ಸಡಿಲ ಮಾಡಿದ ಮೇಲೂ ಹತ್ತೇ ನಿಮಿಷಕ್ಕೆ ಅರ್ಧಕ್ಕೆ ಬಂತು.

ಮಾವ ಅಡಿಗೆಮನೆಯಿಂದ ಬಟ್ಟಲಲ್ಲಿ ಪಾತ್ರೆ ತೊಳೆಯುವ ಸೋಪು ಕಲಸಿ ತಂದರು. ಸೈಕಲ್ ಅಂಗಡಿಯವರು ವಾಲ್ವಿಗೆ ಎಂಜಲು ಹಚ್ಚಿ ನೋಡುತ್ತಿದ್ದದ್ದೂ ಇದೇ ತತ್ವ. ಬ್ರಷ್ಷಿನಿಂದ ನಟ್ಟಿನ ಸುತ್ತ ಬಳಿದರು. ಥ್ರೆಡ್ಡಿನ ಕಡೆ ಏನೂ ಇಲ್ಲ. ಬಾಗಿ, ಮೊಬೈಲಿನ ಟಾರ್ಚ್ ಹಿಡಿದು ನಟ್ಟಿನ ಬೆನ್ನಿಗೆ ಬಳಿದರು. ರೆಗ್ಯುಲೇಟರಿನ ಕೊಳವೆ ನಟ್ಟಿನೊಳಗೆ ಹೊಗುವ ಕೂದಲೆಳೆಯ ಸಂದಿನಲ್ಲಿ ನೊರೆ ಉಕ್ಕಿತು. ಒಲೆಯ ಮೇಲಿನ ಹಾಲಿನ ಹಾಗೆ, ಬಿಟ್ಟರೆ ಕೆಳಗೆ ಚೆಲ್ಲುವಷ್ಟು. ಗ್ಯಾಸ್ ವಾಷರನ್ನು ದಾಟಿ ಬಂದಿತ್ತು. ನಾನು ಸುತ್ತಿದ್ದ ಟೇಪ್ ಥ್ರೆಡ್ಡಿನ ದಾರಿಯನ್ನು ಮುಚ್ಚಿದ್ದರಿಂದ ಹಿಂಬಾಗಿಲಿನಿಂದ ಹೊರಟಿತ್ತು. ನಟ್ಟು ಬಿಚ್ಚಿದಾಗ ಸಿಕ್ಕ ವಾಷರ್ ಒಂದು ಕಡೆ ಕಾಗದದಷ್ಟು ತೆಳ್ಳಗಾಗಿ, ಮೇಲೊಂದು ಗೆರೆ ಬಿದ್ದಿತ್ತು. ಮೂರು ಸಿಲಿಂಡರಿಗೆ ಅದನ್ನೇ ಬಳಸಿದ್ದೆ.

ಎಲ್ಲಿ ಟೇಪ್, ಎಲ್ಲಿ ವಾಷರ್

ಅಮೆರಿಕದ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಬಾಯಿ ‘ಸಿಜಿಎ-320’ ಎಂಬ ಅಳತೆಯದು. ಇಲ್ಲಿ ಗ್ಯಾಸ್ ತಡೆಯುವುದು ಎರಡು ಚಪ್ಪಟೆ ಲೋಹದ ಮುಖಗಳ ನಡುವೆ ಕೂರುವ ನೈಲಾನ್ ಅಥವಾ ಫೈಬರ್ ವಾಷರ್. ಟೇಪ್ ಇಲ್ಲಿ ಬೇಡವೇ ಬೇಡ. ವಾಷರ್ ಒಂದು ಸಲ ಒತ್ತಿಸಿಕೊಂಡರೆ ಹಳೆಯ ಆಕಾರಕ್ಕೆ ಮರಳುವುದಿಲ್ಲ, ಸಿಲಿಂಡರ್ ಬದಲಾಯಿಸಿದಾಗಲೆಲ್ಲ ಹೊಸದು ಹಾಕಬೇಕು. ಕೆಲವು ರೆಗ್ಯುಲೇಟರಿನ ಮೂತಿಯಲ್ಲೇ ಓ-ರಿಂಗ್ ಕೂರಿಸಿರುತ್ತಾರೆ. ಅದಕ್ಕೆ ಬೇರೆ ವಾಷರ್ ಹಾಕಿದರೆ ಎರಡೂ ಕೆಡುತ್ತವೆ. ಸಿಲಿಂಡರಿನ ವಾಲ್ವನ್ನು ಅರ್ಧ ತೆರೆದು ಬಿಡುವ ಅಭ್ಯಾಸವೂ ಒಳ್ಳೆಯದಲ್ಲ. ನಿಧಾನವಾಗಿ, ಪೂರ್ತಿ ತೆರೆಯಬೇಕು. ಹೆಚ್ಚಿನ ವಾಲ್ವುಗಳು ಪೂರ್ತಿ ತೆರೆದಾಗ ಹಿಡಿಯ ಸುತ್ತಲಿನ ಸಂದನ್ನು ತಾವೇ ಮುಚ್ಚಿಕೊಳ್ಳುತ್ತವೆ.

ರೆಗ್ಯುಲೇಟರಿನಿಂದ ಈಚೆಗೆ ಎರಡು ಬಗೆಯ ಥ್ರೆಡ್ ಸಿಗುತ್ತವೆ, ನೋಡಲು ಒಂದೇ ಥರ. ಗೇಜುಗಳು, ಸಣ್ಣ ವಾಲ್ವುಗಳು ರೆಗ್ಯುಲೇಟರಿನ ಮೈಗೆ ಕೂರುವಲ್ಲಿ ಇರುವುದು ‘ಎನ್‌ಪಿಟಿ’, ತುದಿಗೆ ಹೋದಂತೆ ಸಪೂರವಾಗುವ ಥ್ರೆಡ್. ಅಲ್ಲಿ ಥ್ರೆಡ್ಡೇ ಗ್ಯಾಸ್ ತಡೆಯಬೇಕು, ಆದ್ದರಿಂದ ಟೇಪ್ ಬೇಕು. ಡಿಸ್‌ಕನೆಕ್ಟಿನ ಬಾಲದಲ್ಲಿ, ಪೈಪಿನ ನಟ್ಟಿನಲ್ಲಿ ಇರುವುದು ಫ್ಲೇರ್. ಗಂಡು ಮೂತಿ ಶಂಕುವಿನ ಹಾಗೆ, ಹೆಣ್ಣು ಮೂತಿ ಅದಕ್ಕೆ ತಕ್ಕ ಆಲಿಕೆಯ ಹಾಗೆ. ಮುಖಕ್ಕೆ ಮುಖ ಕೂತು ಗ್ಯಾಸ್ ನಿಲ್ಲುತ್ತದೆ, ಥ್ರೆಡ್ ಬರೀ ಎಳೆದು ಹಿಡಿಯುತ್ತದೆ. ಅಲ್ಲಿ ಟೇಪ್ ಸುತ್ತಿದರೆ ನಟ್ಟು ಬೇಗ ಬಿಗಿಯಾದಂತೆ ಕೈಗೆ ಭಾಸವಾಗಿ ಮುಖಗಳು ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಸೋರುತ್ತಿದ್ದರೆ ಟೋಪಿಯ ಹಾಗೆ ಕೂರುವ ಪುಟ್ಟ ನೈಲಾನ್ ಫ್ಲೇರ್ ವಾಷರ್ ಹಾಕಿ, ಪುಡಿಗಾಸಿನ ಸಾಮಾನು. ಪ್ಲಾಸ್ಟಿಕ್ ಡಿಸ್‌ಕನೆಕ್ಟ್ ಆದರೆ ಸ್ಪ್ಯಾನರಿನಲ್ಲಿ ಜೋರು ಮಾಡಬೇಡಿ, ಸೀಳುತ್ತದೆ.

ಪೈಪು ಕೂರುವ ಮೂತಿಯನ್ನು ಬಾರ್ಬ್ ಎನ್ನುತ್ತಾರೆ, ಮೇಲೆ ಏಣು ಏಣಾಗಿರುತ್ತದೆ. ಗ್ಯಾಸ್ ಪೈಪಿನ ಒಳ ಅಗಲ ಸಾಮಾನ್ಯವಾಗಿ 5/16 ಇಂಚು. ಅದನ್ನು 1/4 ಇಂಚಿನ ಬಾರ್ಬಿಗೆ ತುರುಕಿ ಕ್ಲ್ಯಾಂಪಿನ ಮೇಲೆ ಭಾರ ಹಾಕುವವರು ಬಹಳ. ತಿರುಪು ತಿರುಗಿಸುವ ಕ್ಲ್ಯಾಂಪ್ ಸಪೂರ ಪೈಪಿನ ಮೇಲೆ ಪೂರ್ತಿ ದುಂಡಗೆ ಕೂರುವುದಿಲ್ಲ, ತಿರುಪಿನ ಕೆಳಗೆ ಒಂದು ಉಬ್ಬು ಉಳಿಯುತ್ತದೆ. ಇಕ್ಕಳದಲ್ಲಿ ಕಿವಿ ಹಿಂಡಿ ಕೂರಿಸುವ ಬಗೆಯ ಕ್ಲ್ಯಾಂಪ್ ಸುತ್ತಲೂ ಸಮನಾಗಿ ಒತ್ತುತ್ತದೆ. ಇನ್ನೊಂದು ಮಾತು: ಪೈಪಿನ ಪ್ಲಾಸ್ಟಿಕ್ ತಣ್ಣಗಾದರೆ ಗಡುಸಾಗಿ ಕುಗ್ಗುತ್ತದೆ. ಕೋಣೆಯಲ್ಲಿ ಜೋಡಿಸಿದಾಗ ಸರಿಯಿದ್ದ ಕ್ಲ್ಯಾಂಪು ಫ್ರಿಜ್ಜಿನೊಳಗೆ ಒಂದು ದಿನ ಕಳೆದ ಮೇಲೆ ಸಡಿಲ. ಹೊಸ ಪೈಪ್ ಹಾಕಿದ ಮರುದಿನ ತಣ್ಣಗಿರುವಾಗಲೇ ಇನ್ನೊಮ್ಮೆ ಸೋಪು ಹಚ್ಚಿ ನೋಡಬೇಕು. ಸಿಲಿಕೋನ್ ಪೈಪನ್ನಂತೂ ಗ್ಯಾಸಿಗೆ ಬಳಸಲೇಬಾರದು. ಅದರ ಗೋಡೆಯ ಮೂಲಕವೇ ಗ್ಯಾಸ್ ಒಸರುತ್ತದೆ.

ಈಗೀಗ ಪೈಪನ್ನು ಒತ್ತಿದರೆ ಸಾಕು, ತಾನೇ ಕಚ್ಚಿಕೊಳ್ಳುವ ಫಿಟಿಂಗುಗಳು ಬಂದಿವೆ. ಅವುಗಳ ಒಳಗೂ ಇರುವುದು ಓ-ರಿಂಗೇ. ಪೈಪಿನ ತುದಿ ಓರೆಯಾಗಿದ್ದರೆ ರಿಂಗಿನ ಒಂದು ಮಗ್ಗುಲಿಗೆ ತಾಗಿ ಇನ್ನೊಂದಕ್ಕೆ ತಾಗುವುದಿಲ್ಲ. ಕತ್ತರಿಯಲ್ಲಿ ಕತ್ತರಿಸದೆ, ಹೊಸ ಬ್ಲೇಡಿನಲ್ಲಿ ನೇರ ಕತ್ತರಿಸಿ.

ಕೆಗ್ಗಿನ ತಲೆ

ಕೆಗ್ಗಿನಲ್ಲಿ ಸೋರುವ ಜಾಗ ಎಲ್ಲ ಮೇಲ್ಭಾಗದಲ್ಲೇ: ಮುಚ್ಚಳ, ಡಿಸ್‌ಕನೆಕ್ಟ್ ಕೂರುವ ಎರಡು ಮೂತಿ ಅಥವಾ ಪೋಸ್ಟ್, ಮುಚ್ಚಳದ ಮೇಲಿನ ಒತ್ತಡ ಬಿಡುವ ವಾಲ್ವ್.

ಮುಚ್ಚಳದ್ದು ವಿಚಿತ್ರ ಸ್ವಭಾವ. ಕುಕ್ಕರ್ ಮುಚ್ಚಳದ ಹಾಗೆ ಒಳಗಿನಿಂದ ಮೇಲಕ್ಕೆ ಒತ್ತಿಕೊಂಡು ಕೂರುತ್ತದೆ. ಒಳಗೆ ಒತ್ತಡ ಇದ್ದಷ್ಟೂ ಬಿಗಿ, ಕಡಿಮೆಯಾದರೆ ಸಡಿಲ. ಬಿಯರ್ ತುಂಬಿ ನೇರವಾಗಿ 10 ಪಿಎಸ್‌ಐಗೆ ಹಾಕಿದರೆ ಎಷ್ಟೋ ಕೆಗ್ಗುಗಳಲ್ಲಿ ದೊಡ್ಡ ಓ-ರಿಂಗ್ ಸರಿಯಾಗಿ ಕೂರುವುದೇ ಇಲ್ಲ. ಮೊದಲು 30 ಪಿಎಸ್‌ಐ ಕೊಟ್ಟು, ಅದು ಟಪ್ಪೆಂದು ಕೂತ ಮೇಲೆ ಒತ್ತಡ ಬಿಟ್ಟು 12ಕ್ಕೆ ಇಳಿಸಬೇಕು. ಆಗಲೂ ಸೋರಿದರೆ ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ. ಹಳೆಯ ಕೆಗ್ಗಿನ ಬಾಯಿ ಎಲ್ಲೋ ಒಂದು ಕಡೆ ಪೆಟ್ಟು ತಿಂದು ಅಂಕುಡೊಂಕಾಗಿರುತ್ತದೆ. ಅದಕ್ಕೂ ಬಗ್ಗದಿದ್ದರೆ ಇನ್ನೂ ಮೆತ್ತಗಿನ, ದಪ್ಪನೆಯ ಸಿಲಿಕೋನ್ ಓ-ರಿಂಗ್ ಸಿಗುತ್ತದೆ. ಅದರ ಗೋಡೆಯಿಂದಲೂ ಗ್ಯಾಸ್ ಒಸರುತ್ತದೆ ನಿಜ, ಆದರೆ ಕೂರದ ಮುಚ್ಚಳಕ್ಕಿಂತ ವಾಸಿ. ಬೆರಳಲ್ಲಿ ಒಂದು ಚೂರು ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ತೆಗೆದು ರಿಂಗಿಗೆ ಸವರಿದರೆ ಅದು ತನ್ನ ಜಾಗಕ್ಕೆ ಜಾರಿ ಕೂರುತ್ತದೆ. ವ್ಯಾಸಲೀನ್ ಹಚ್ಚಬೇಡಿ. ಪೆಟ್ರೋಲಿಯಂ ಜಿಡ್ಡಿಗೆ ಕೆಲವು ಬಗೆಯ ರಬ್ಬರ್ ಊದಿಕೊಂಡು ಹಾಳಾಗುತ್ತದೆ.

ಪೋಸ್ಟಿಗೆ ಎರಡು ಓ-ರಿಂಗ್. ಹೊರಗಿನದು ಕಣ್ಣಿಗೆ ಕಾಣುತ್ತದೆ, ಡಿಸ್‌ಕನೆಕ್ಟ್ ಅದರ ಮೇಲೆ ಉಜ್ಜಿಕೊಂಡು ಕೂರುತ್ತದೆ. ಸವೆಯುವುದೂ ಅದೇ, ಎಲ್ಲರೂ ಬದಲಾಯಿಸುವುದೂ ಅದನ್ನೇ. ಇನ್ನೊಂದು ಪೋಸ್ಟಿನ ಅಡಿಯಲ್ಲಿ, ಕೆಗ್ಗಿನೊಳಕ್ಕೆ ಇಳಿಯುವ ಡಿಪ್ ಟ್ಯೂಬಿನ ಕತ್ತಿಗೆ ಸರದ ಹಾಗೆ ಕೂತಿರುತ್ತದೆ. ಪೋಸ್ಟ್ ಬಿಚ್ಚದ ಹೊರತು ಕಾಣದು. ಕೆಗ್ ತೊಳೆದು ಜೋಡಿಸುವಾಗ ಅದು ಸಿಂಕಿನ ಜಾಲರಿಯಲ್ಲಿ ಉಳಿದುಬಿಡುವುದು ಎಲ್ಲರ ಮನೆಯ ಕಥೆ. ಬಿಯರಿನ ಕಡೆಯದು ಸೋರಿದರೆ ಅಂಟು ಅಂಟಾಗಿ ಕೈಗೆ ಗೊತ್ತಾಗುತ್ತದೆ. ಗ್ಯಾಸಿನ ಕಡೆಯದಕ್ಕೆ ಯಾವ ಗುರುತೂ ಇರುವುದಿಲ್ಲ. ಜೋಡಿಸುವಾಗ ಗ್ಯಾಸ್ ಪೋಸ್ಟನ್ನು ಬಿಯರಿನ ಜಾಗಕ್ಕೆ ಹಾಕಿಬಿಡಬೇಡಿ. ಬಹುಪಾಲು ಕೆಗ್ಗುಗಳಲ್ಲಿ ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಣ್ಣ ಕಚ್ಚು ಇರುತ್ತದೆ, ಅದೇ ಗುರುತು. ಅದಲು ಬದಲಾದರೆ ಡಿಸ್‌ಕನೆಕ್ಟ್ ಕಚ್ಚಿಕೊಂಡು ಎತ್ತಲು ಬರದೆ ಅರ್ಧ ದಿನ ಹಾಳು.

ಪೋಸ್ಟಿನ ನಡುವೆ ಸ್ಪ್ರಿಂಗಿನ ಮೇಲೆ ಕೂತ ಸಣ್ಣ ಮೊಳೆಯಂಥದ್ದು ಪಾಪೆಟ್. ಒಂದು ಹಾಪ್ಸ್ ಎಸಳಿನ ಚೂರು ಸಿಕ್ಕಿಕೊಂಡರೂ ಅದು ಮೇಲಕ್ಕೆ ಬಾರದು. ಡಿಸ್‌ಕನೆಕ್ಟ್ ಎತ್ತಿದ ಮೇಲೆ ಸುಯ್ ಎಂದು ಸದ್ದು ಬರುತ್ತಿದ್ದರೆ ಸ್ಕ್ರೂಡ್ರೈವರಿನ ತುದಿಯಲ್ಲಿ ಒಂದೆರಡು ಸಲ ಒತ್ತಿ ಬಿಡಿ, ಚೂರು ಹಾರಿಹೋಗುತ್ತದೆ. ಮುಖ ಮಾತ್ರ ದೂರ ಇರಲಿ.

ಕೆಗ್ಗಿಗೆ ಸೋಪಿಗಿಂತ ಒಳ್ಳೆಯ ಪರೀಕ್ಷೆ ಪಂಕ್ಚರ್ ಅಂಗಡಿಯದು. ಖಾಲಿ ಕೆಗ್ಗಿಗೆ 30 ಪಿಎಸ್‌ಐ ತುಂಬಿ, ಡಿಸ್‌ಕನೆಕ್ಟ್ ಎತ್ತಿ, ತಲೆಕೆಳಗಾಗಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ಎಲ್ಲಿಂದ ಗುಳ್ಳೆ ಏಳುತ್ತದೋ ಅಲ್ಲಿ. ತುಂಬಿದ ಕೆಗ್ಗಾದರೆ, ಮೇಲಿನ ರಬ್ಬರ್ ಬಳೆಯೊಳಗೆ ನೀರು ನಿಲ್ಲುವಷ್ಟು ಸುರಿದು ನೋಡಬಹುದು. ಬಿಯರ್ ಮಾಡುವವರ ಮನೆಯಲ್ಲಿ ಸ್ಟಾರ್ ಸ್ಯಾನ್‌ನಂಥ ನೊರೆ ಬರುವ ಸ್ಯಾನಿಟೈಸರ್ ಹೇಗೂ ಇರುತ್ತದೆ. ಪಾತ್ರೆ ಸೋಪಿಗೆ ಬದಲು ಅದನ್ನೇ ಚಿಮುಕಿಸಿದರೆ ಬಿಯರಿನ ನೊರೆ ಕೆಡಿಸುವ ಜಿಡ್ಡಿನ ಭಯವಿಲ್ಲ.

ಗುಳ್ಳೆಯ ಗಾತ್ರ ನೋಡಿಯೇ ಎಷ್ಟು ಗಾಬರಿಯಾಗಬೇಕೆಂದು ತಿಳಿಯಬಹುದು. ಇದು ನಾನು ಮಾಡಿಕೊಂಡ ಲೆಕ್ಕ. ಸಾಸಿವೆಕಾಳಿನಷ್ಟು ಗುಳ್ಳೆ ಸೆಕೆಂಡಿಗೆ ಒಂದರಂತೆ ಏಳುತ್ತಿದ್ದರೆ ದಿನಕ್ಕೆ ಒಂದು ಗ್ರಾಮೂ ಹೋಗುವುದಿಲ್ಲ, 5 ಪೌಂಡ್ ಖಾಲಿಯಾಗಲು ವರ್ಷಗಳು ಬೇಕು. ಹೆಸರುಕಾಳಿನಷ್ಟಾದರೆ ದಿನಕ್ಕೆ ಐದಾರು ಗ್ರಾಂ, ವರ್ಷದ ಮೇಲೆ ಬರುತ್ತದೆ. ಕಡಲೆಕಾಳಿನಷ್ಟಾದರೆ ದಿನಕ್ಕೆ 28 ಗ್ರಾಂ, ಎರಡೂವರೆ ತಿಂಗಳಿಗೆ ಖಾಲಿ. ನೊರೆಯೇ ಉಕ್ಕಿದರೆ ಕಾಳಿನ ಲೆಕ್ಕ ಬಿಟ್ಟು ವಾಲ್ವ್ ಮುಚ್ಚಿ.

ಸೋರಿಕೆಯಂತೆ ಕಂಡು ಸೋರಿಕೆಯಲ್ಲದ್ದೂ ಉಂಟು. ಹೊಸದಾಗಿ ತುಂಬಿದ ಬಿಯರ್ ದಿನಗಟ್ಟಲೆ ಗ್ಯಾಸ್ ಕುಡಿಯುತ್ತದೆ. ಆ ಕೆಗ್ಗಿಗೆ ಒತ್ತಡ ಕೊಟ್ಟು ಪೈಪ್ ತೆಗೆದಿಟ್ಟರೆ ಮರುದಿನ ಒತ್ತಡ ಇಲ್ಲವಾಗುವುದು ಸಹಜ. 25 ಡಿಗ್ರಿಯ ಕೋಣೆಯಲ್ಲಿ 30 ಪಿಎಸ್‌ಐ ತುಂಬಿದ ಖಾಲಿ ಕೆಗ್ಗು ಫ್ರಿಜ್ಜಿನ 3 ಡಿಗ್ರಿಗೆ ಬಂದರೆ ಏನೂ ಸೋರದೆಯೂ 27ಕ್ಕೆ ಇಳಿದಿರುತ್ತದೆ. ಪರೀಕ್ಷೆಯನ್ನು ಖಾಲಿ ಕೆಗ್ಗಿನಲ್ಲಿ, ಒಂದೇ ತಾಪದಲ್ಲಿ ಮಾಡಿ.

ಇಷ್ಟು ಹೊತ್ತು ಗ್ಯಾಸಿನ ದುಡ್ಡಿನ ಬಗ್ಗೆ ಮಾತಾಡಿದ್ದಾಯಿತು. ಅಂದು ಮಾವ ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. “ಇಷ್ಟು ಗ್ಯಾಸ್ ಹೋಯ್ತಲ್ಲ, ಎಲ್ಲಿಗೆ ಹೋಯ್ತು? ಮಗು ಇಲ್ಲೇ ಆಡ್ತಿತ್ತಲ್ಲ ನಿನ್ನೆ.”

ಎಲ್‌ಪಿಜಿಗೆ ನಾತ ಸೇರಿಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತದೆ. ಕಾರ್ಬನ್ ಡೈಆಕ್ಸೈಡಿಗೆ ಬಣ್ಣವಿಲ್ಲ, ನಾತವಿಲ್ಲ. ಬೆಂಕಿ ಹತ್ತುವುದಿಲ್ಲ, ಆದರೆ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ಶೇಖರವಾಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಎಂಟು ಗಂಟೆಯ ಕೆಲಸಕ್ಕೆ ಗಾಳಿಯಲ್ಲಿ ಇದರ ಮಿತಿ ಶೇಕಡಾ ಅರ್ಧ. ಶೇಕಡಾ 4 ಮುಟ್ಟಿದರೆ ತಕ್ಷಣದ ಪ್ರಾಣಾಪಾಯದ ಮಟ್ಟವೆಂದು ಗಣನೆ. 3 ಮೀಟರ್ ಉದ್ದ, 3 ಮೀಟರ್ ಅಗಲ, ಎರಡೂವರೆ ಮೀಟರ್ ಎತ್ತರದ ಮುಚ್ಚಿದ ಕೋಣೆಯಲ್ಲಿ 5 ಪೌಂಡ್ ಸಿಲಿಂಡರ್ ಒಮ್ಮೆಗೇ ಖಾಲಿಯಾದರೆ ಶೇಕಡಾ 5 ದಾಟುತ್ತದೆ. ನಮ್ಮದು ಮೂರು ದಿನ ಹಿಡಿದದ್ದರಿಂದ, ಬೇಸ್‌ಮೆಂಟ್ ದೊಡ್ಡದಾದ್ದರಿಂದ, ಮೆಟ್ಟಿಲ ಬಾಗಿಲು ತೆರೆದಿದ್ದರಿಂದ ಏನೂ ಆಗಲಿಲ್ಲ. 20 ಪೌಂಡ್ ಸಿಲಿಂಡರ್ ಇಟ್ಟುಕೊಂಡವರು ಈ ಲೆಕ್ಕವನ್ನು ನಾಲ್ಕರಿಂದ ಗುಣಿಸಿ ನೋಡಲಿ.

ಮನೆಯ ಗೋಡೆಯ ಮೇಲೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಲ್ಲ ಎನ್ನಬೇಡಿ. ಅದು ಬೇರೆಯೇ ಅನಿಲ, ಈ ಸೋರಿಕೆಗೆ ಅದು ಕಿರ್ ಎನ್ನುವುದಿಲ್ಲ. ಕಾರ್ಬನ್ ಡೈಆಕ್ಸೈಡನ್ನೇ ಅಳೆಯುವ ಮೀಟರ್ ಬೇಕು, ಅದನ್ನು ನೆಲದ ಹತ್ತಿರ ಇಡಬೇಕು. ಪೆಟ್ಟಿಗೆಯಂಥ ಫ್ರೀಜರಿನಲ್ಲಿ ಕೆಗ್ ಇಟ್ಟವರು ಮುಚ್ಚಳ ತೆರೆದ ಕೂಡಲೇ ಒಳಗೆ ತಲೆ ಹಾಕಬಾರದು. ಸೋರಿದ ಗ್ಯಾಸ್ ಬಾವಿಯ ನೀರಿನ ಹಾಗೆ ಅದರ ತಳದಲ್ಲಿ ನಿಂತಿರುತ್ತದೆ. ಕಾರಣವಿಲ್ಲದೆ ತಲೆನೋವು, ಏದುಸಿರು ಬಂದರೆ ಸೋರಿಕೆ ಹುಡುಕುತ್ತ ಅಲ್ಲೇ ಕೂರದೆ ಮೇಲೆ ಹೋಗಿ ಕಿಟಕಿ ತೆರೆಯಿರಿ. ಸಿಲಿಂಡರನ್ನು ನಿಲ್ಲಿಸಿಯೇ ಇಡಿ, ಬೀಳದಂತೆ ಗೋಡೆಗೆ ಕಟ್ಟಿ. ಮಲಗಿಸಿದರೆ ದ್ರವ ರೆಗ್ಯುಲೇಟರಿಗೆ ನುಗ್ಗುತ್ತದೆ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಹೋಗಬೇಡಿ.

ಹೊಸ ವಾಷರ್ ಹಾಕಿ, ಟೇಪೆಲ್ಲ ಕಿತ್ತು, ಗೀಟು ಎಳೆದು ಬಿಟ್ಟ ಮುಳ್ಳು ಮರುದಿನ ಬೆಳಿಗ್ಗೆ ಗೀಟಿನ ಮೇಲೆಯೇ ಇತ್ತು. ಮಾವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಪ್ರತಿ ಭಾನುವಾರ ಸಿಲಿಂಡರನ್ನು ಲಗೇಜ್ ತಕ್ಕಡಿಗೆ ನೇತುಹಾಕಿ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ತಾರೀಖು, ತೂಕ ಬರೆಯುತ್ತ ಹೋದರು, ಡಿಪೋದ ಲಾಗ್ ಪುಸ್ತಕದ ಹಾಗೆ. ಊರಿಗೆ ಹೊರಡುವ ಹಿಂದಿನ ರಾತ್ರಿ ತಕ್ಕಡಿ ಮೇಲಕ್ಕೆ, ಅವರ ಸೂಟ್‌ಕೇಸಿನ ಕೆಲಸಕ್ಕೆ ಹೋಯಿತು. ಹೋಗುವ ಮೊದಲು ಕಡೆಯ ಸಾಲು ಬರೆದಿದ್ದರು: ಐದು ವಾರ, ಒಂದು ಕೆಗ್ಗು, 180 ಗ್ರಾಂ. ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ, ‘ವಾಷರ್ ಹತ್ತು ತರಿಸಿಡಿ’.